ಹದ

ಮಣ್ಣು ಬಂತು ಗೂರಿಯಾ ಸೀಮೆಯ ಗುಡ್ಡದಿಂದ,
ಸಿಮೆಂಟಿನ ಹಳೇ ಚೀಲದಲ್ಲಿ, ಮಿನಿಬಸ್ಸಿನ ಹಿಂದುಗಡೆ,
ಯಾರದೋ ಹೆಜಲ್‌ನಟ್ ಮೂಟೆಗೆ ಒರಗಿಕೊಂಡು.
ಕುತೈಸಿಯಲ್ಲಿ ಇಳಿಸಿಕೊಳ್ಳುವಾಗ ಚಾಲಕ ಕೇಳಿದ:
ಏನಮ್ಮಾ, ಹಿಟ್ಟೇ?
ಹೂಂ ಅಂದೆ.
ಮಣ್ಣೆಂದರೆ ಬಾಡಿಗೆ ಹೆಚ್ಚು ಕೇಳುತ್ತಾನೆ.

ಬೂದುಬಣ್ಣ, ಸೋಪಿನ ನುಣುಪು.
ನಾಲಿಗೆಗಿಟ್ಟರೆ ಅಂಟುತ್ತದೆ, ಬಿಡುವುದಿಲ್ಲ,
ಸಾಲ ಕೊಟ್ಟವಳ ಹಾಗೆ.
ಸೂಕ್ಷ್ಮದರ್ಶಕದಡಿ ಹಾಳೆಯ ಮೇಲೆ ಹಾಳೆ,
ಹಾಳೆಯ ಮೇಲೆ ಹಾಳೆ, ಬರೆದದ್ದೇನೂ ಇಲ್ಲ.
ನೀರು ತಾಗಿದರೆ ಸಾಕು, ಉಸಿರೆಳೆದುಕೊಂಡು
ಒಂದರಿಂದೊಂದು ಸರಿದು ಕೂರುತ್ತವೆ,
ಮದುವೆಯೂಟದ ಬೆಂಚಿನಲ್ಲಿ
ತಡವಾಗಿ ಬಂದವರಿಗೆ ಜಾಗ ಬಿಟ್ಟಂತೆ.

ತಡವಾಗಿ ಬರುವುದು ಬೆಳ್ಳಿ.

ಉಪ್ಪಾಗಿ ಬರುತ್ತದೆ, ಕಂದು ಶೀಶೆಯಲ್ಲಿ, ಬೆಳಕಿಗೆ ಹೆದರಿ.
ಅದನ್ನು ಬೆಳ್ಳಿಯಾಗಿಸಲು ನಾನು ಚಹಾ ಕಾಸುತ್ತೇನೆ,
ನಿಜಕ್ಕೂ ಚಹಾ: ಅಜ್ಜಿ ದಿನಗೂಲಿಗೆ ಬಿಡಿಸುತ್ತಿದ್ದ
ತೋಟವೀಗ ಬರೀ ಜರಿಗಿಡ, ಮುಳ್ಳು;
ನಡುವೆ ಇನ್ನೂ ಚಿಗುರುವ ಹಟಮಾರಿ ಎಲೆ.
ಕಷಾಯ ಬಿದ್ದೊಡನೆ ನೀರು ಹಳದಿ,
ಆಮೇಲೆ ಜೇನು, ಆಮೇಲೆ ತುಕ್ಕು.
ಕೋಟಿ ಕೋಟಿ ಕಾಳು ಹುಟ್ಟಿವೆ, ಒಂದೂ ಕಾಣದು.
ಕಾಣುವುದು ನನ್ನ ಬೆರಳು: ಮೂರು ಕಪ್ಪು, ಸೋಪಿಗೆ ಜಗ್ಗದ್ದು.
ಬೆಳ್ಳಿ ಮುಟ್ಟಿದವರ ಕೈ ಹೀಗಾಗತ್ತಾ, ಅನ್ನುತ್ತಾಳೆ
ಮಗಳು ಗುರಾಂದಾ.

ಹಿಡಿದು ಹೆಣೆಯಲು ಪಾಲಿಮರ್,
ಸೀಗಡಿಯ ಚಿಪ್ಪಿನಿಂದ ತೆಗೆದ ಉದ್ದುದ್ದ ಎಳೆ.
ಸುಟ್ಟ ಗಾಯಕ್ಕೆ ಹೊದಿಸುವ ಒಂದು ಪೊರೆ ಬೇಕು ನಮಗೆ,
ಅಂಗೈಯಗಲ. ಅಷ್ಟೇ. ನಾಲ್ಕು ವರ್ಷವಾಯಿತು.

ಹನ್ನೊಂದನೆಯದು ಒಣಗಿ ಹಪ್ಪಳ.
ಹನ್ನೆರಡು ಜಾರಿಹೋಯಿತು.
ಬೆಳ್ಳಿ ಹೆಚ್ಚಿಸಿದೆವು: ಕ್ರಿಮಿ ಬೆಳೆದ ತಟ್ಟೆಯಲ್ಲಿ
ಪೊರೆಯ ಸುತ್ತ ದುಂಡಗೆ ಬಯಲು,
ಒಂದು ಹುಲ್ಲೂ ಇಲ್ಲದ ಕಣದ ಹಾಗೆ.
ಕುಣಿದೆವು.
ಮರುವಾರ ಚರ್ಮದ ಕೋಶಗಳ ತಟ್ಟೆಯಲ್ಲೂ
ಅದೇ ಬಯಲು.
ಬೆಳ್ಳಿಗೆ ನಮ್ಮವರು ತಮ್ಮವರು ಎಂಬುದಿಲ್ಲ.

ಕೆಳಗೆ, ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ,
ಉಶಾಂಗಿಯ ತೋನೆ: ಬಾವಿಯಂಥ ಮಣ್ಣಿನ ಒಲೆ.
ಸೊಂಟದವರೆಗೆ ಅದರೊಳಗೆ ಬಗ್ಗಿ
ಗೋಡೆಗೆ ರೊಟ್ಟಿ ಬಡಿಯುತ್ತಾನೆ, ಎದ್ದು ಬರುತ್ತಾನೆ,
ಮುಂಗೈಯಲ್ಲಿ ಒಂದು ಕೂದಲೂ ಉಳಿದಿಲ್ಲ.
ಆ ದಿನ ಮೊಣಕೈ ಬಳಿ ಎಲೆಯಗಲ ಕೆಂಪು, ಕೀವು.
ಲಮ್ಜಿರಾ, ನಿನ್ನ ಬೆಳ್ಳಿಚರ್ಮದ ತುಂಡೊಂದು ಕೊಡು.
ಆಗೋದಿಲ್ಲ, ಉಶಾಂಗಿ. ಮೊದಲು ಇಲಿ,
ಆಮೇಲೆ ಸಮಿತಿ, ಆಮೇಲೆ ಮನುಷ್ಯರು.
ಓಹೋ, ಇಲಿಯ ಹಿಂದೆ ನಿಲ್ಲಬೇಕು ನಾನು!
ನಗುತ್ತಲೇ ಮತ್ತೆ ಬಗ್ಗಿದ.

ನೆಟ್ಟಗಿನ ಗೋಡೆ, ಕೆಳಗೆ ಕೆಂಡ,
ರೊಟ್ಟಿ ಬೀಳುವುದಿಲ್ಲವಲ್ಲ, ಹೇಗೆ?
ನೀರು ಕಮ್ಮಿಯಾದರೆ ಗೋಡೆ ಹಿಡಿಯಲ್ಲ,
ಹೆಚ್ಚಾದರೆ ಬೂದಿಗೆ.
ಎಷ್ಟು ಅಂದರೆ?
ಹಿಟ್ಟಿನುಂಡೆಯನ್ನು ನನ್ನ ಕೈಯ ಬೆನ್ನಿಗೊತ್ತಿ ಎಳೆದ:
ನೋಡು, ಬಿಡುವ ಮುಂಚೆ
ಒಂದು ಕ್ಷಣ ಯೋಚನೆ ಮಾಡಬೇಕು ಅದು.

ಹದಿನೇಳನೆಯದನ್ನು ಪೂರ್ತಿ ಒಣಗಲು ಬಿಡಲಿಲ್ಲ.
ಗಂಟೆಗೊಮ್ಮೆ ಕೈಯ ಬೆನ್ನಿಗೊತ್ತಿ ನೋಡಿದೆ,
ಯಾರೂ ಇಲ್ಲದಾಗ, ಕಳ್ಳಿಯ ಹಾಗೆ.
ಬೆಳಗಿನ ಜಾವ ನಾಲ್ಕಕ್ಕೆ ಅದು ಯೋಚಿಸಿತು.
ದಾಖಲೆ ಪುಸ್ತಕದಲ್ಲಿ ಬರೆದೆ:
ತೇವ, ಶೇಕಡ ಇಪ್ಪತ್ತೆರಡು. ಬೆಳ್ಳಿ, ಮೊದಲಿನ ಅರ್ಧ.
ಮಿಕ್ಕದ್ದಕ್ಕೆ ಅದರಲ್ಲಿ ಕಾಲಮ್ಮಿಲ್ಲ.

ಸಮಿತಿಯ ಪತ್ರ ಇನ್ನೂ ಬಂದಿಲ್ಲ.
ಅಷ್ಟರಲ್ಲಿ ಉಶಾಂಗಿಯ ಗಾಯ ತಾನೇ ಮಾಯ್ದು
ಹೊಳೆಯುವ ಕಲೆಯಾಗಿದೆ; ಹೋಗುವಾಗೆಲ್ಲ ತೋರಿಸುತ್ತಾನೆ,
ಗೆದ್ದವನ ಹಾಗೆ.
ಬಿಸಿ ರೊಟ್ಟಿ ಹಿಡಿದ ನನ್ನ ಮೂರು ಕಪ್ಪು ಬೆರಳು.
ಕೈಯೇನೋ ಕೆಸರಾಯಿತು; ಮೊಸರು ಬೇಕೆಂದರೆ
ಬೀದಿ ದಾಟಿ, ಕಾಸು ಕೊಟ್ಟು ತರಬೇಕು.

ಶನಿವಾರ ಇಲಿಗಳು ಬರುತ್ತವೆ, ಆರು.
ಗುರಾಂದಾ ಆಗಲೇ ಹೆಸರಿಟ್ಟಿದ್ದಾಳೆ.
ಬೇಡ ಅಂದಿದ್ದೆ.